16 ಡಿಗ್ರಿ ನೀರಿಗಿಳಿದ ಕಾರವಾರದ ಈಜುಗಾರ: ಕ್ಯಾಟಲಿನಾ ದ್ವೀಪದ ಒಂದು ಪ್ರಕರಣ

ಕಾರವಾರ, ಅಂಕೋಲಾ, ಕುಮಟಾ ಕಡೆಯಿಂದ ಮಕ್ಕಳ ಗ್ರಾಜುಯೇಶನ್ನಿಗೆ ಅಂತ ಅಮೆರಿಕಕ್ಕೆ ಹೋಗೋ ಅಪ್ಪ ಅಮ್ಮಂದಿರು ಈಗ ತುಂಬ ಜನ, ಹೋದವರು ಅಲ್ಲೇ ಮೂರ್ನಾಲ್ಕು ದಿನದ ಕ್ರೂಸ್ ಹತ್ತಿ ಬರೋದೂ ಜಾಸ್ತಿ ಆಗ್ತಾ ಇದೆ. ಹಡಗು ಯಾವುದಾದ್ರೂ ದ್ವೀಪದ ಹತ್ರ ನಿಂತಾಗ, ನಾವು ಕಡಲ ಬದಿಯವ್ರು ನಮಗೆಂತಕ್ಕೆ ಗೈಡು ಅಂತ ಸ್ವಂತವಾಗಿ ಸ್ನಾರ್ಕ್ಲಿಂಗಿಗೆ, ಅಂದ್ರೆ ಮಾಸ್ಕ್ ಹಾಕಿ ಕೊಳವೆಯಲ್ಲಿ ಉಸಿರಾಡ್ತಾ ಮುಖ ಮುಳುಗಿಸಿ ಮೀನು ನೋಡೋಕೆ, ಇಳಿಯೋರೂ ಇದ್ದಾರೆ. ಅಂಥದೇ ಒಂದು ಕುಟುಂಬದ್ದು ಈ ಪ್ರಕರಣ. ನಾನು ಈ ಕರಾವಳಿಯಲ್ಲೇ ಜನರಿಗೆ ಮಾಸ್ಕ್ ಹಾಕಿ ಕಡಲಿಗಿಳಿಯೋದು ಕಲಿಸೋ ಕೆಲಸದಲ್ಲಿ ಇರೋದ್ರಿಂದ, ಊರಿಗೆ ವಾಪಸ್ ಬಂದಮೇಲೆ ಅವರು ನನ್ನ ಹತ್ರ ಬಂದು ನಮಗೆ ಆಗಿದ್ದು ಎಂತ ಅಂತ ಕೇಳಿದ್ರು. ನೀರಿಗಿಳಿದ ಮೂವರ ಹತ್ರವೂ ಬೇರೆ ಬೇರೆಯಾಗಿ ಕೂತು ಮಾತಾಡಿದೆ, ಅವರ ಕ್ಯಾಮೆರಾದ ವಿಡಿಯೋ ಪೂರ್ತಿ ನೋಡಿದೆ. ಬರೆಯೋಕೆ ಅವರೇ ಒಪ್ಪಿದ್ದಾರೆ. ಗುರುತು ಸಿಗಬಾರದು ಅಂತ ವಯಸ್ಸು, ಕೆಲಸ ಸ್ವಲ್ಪ ಆಚೀಚೆ ಮಾಡಿದ್ದೇನೆ, ಹೆಸರು ಬೇಡ, ಅಪ್ಪ, ಅಮ್ಮ, ಮಗಳು, ಮಾವ ಅಂತಲೇ ಕರೀತೇನೆ.

ಯಾರು, ಎಲ್ಲಿ

ಅಪ್ಪನಿಗೆ ಐವತ್ತು ದಾಟಿದೆ. ಹುಟ್ಟಿ ಬೆಳೆದದ್ದು ಕಾಳಿ ಅಳಿವೆ ಬದಿಯಲ್ಲಿ, ಚಿಕ್ಕಂದಿನಲ್ಲಿ ದೋಣಿಯಿಂದ ಹಾರಿ ಸದಾಶಿವಗಡದ ಕಡೆ ಈಜಿ ಹೋಗ್ತಿದ್ದ ಗುಂಪಿನವ್ರು, ಈಗಲೂ ವಾರಕ್ಕೆ ಎರಡ್ಮೂರು ದಿನ ಟಾಗೋರ್ ಬೀಚಲ್ಲಿ ಬೆಳಿಗ್ಗೆ ಈಜ್ತಾರೆ. ಸ್ನಾರ್ಕ್ಲಿಂಗಿಗೆ ಹೆಸರಾದ ನಮ್ಮ ನೇತ್ರಾಣಿ ದ್ವೀಪಕ್ಕೂ ಹೋಗಿ ಬಂದಿದ್ದಾರೆ. ಬಿಪಿ ಮಾತ್ರೆ ತಗೋತಾರೆ, ಕಂಟ್ರೋಲಲ್ಲಿದೆ. ಮಾವ ಅಂದ್ರೆ ಅಮ್ಮನ ತಮ್ಮ, ಶಿರಸಿ ಕಡೆಯವ್ರು, ಅಡಿಕೆ ತೋಟ. ನಲವತ್ತು ದಾಟಿದಮೇಲೆ ಪೂಲಲ್ಲಿ ಕ್ಲಾಸಿಗೆ ಸೇರಿ ಈಜು ಕಲಿತವ್ರು, ತಾನು ಚೆನ್ನಾಗಿ ಈಜ್ತೇನೆ ಅಂತ ಎಲ್ಲೂ ಹೇಳಿಕೊಳ್ಳದವ್ರು. ಮಗಳು ಕ್ಯಾಲಿಫೋರ್ನಿಯಾದಲ್ಲಿ ಎಂಎಸ್ ಮುಗಿಸಿದ್ಲು, ಪೂರ್ತಿ ಟ್ರಿಪ್ ಪ್ಲಾನ್ ಅವಳದ್ದೇ. ಅಮ್ಮ ನೀರಿಗಿಳಿಯೋದಿಲ್ಲ.

ಮೇ ಕೊನೆ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಅನ್ನೋ ಬಂದರಿಂದ ಹೊರಟ ಹಡಗು ಮಾರನೇ ದಿನ ಬೆಳಿಗ್ಗೆ ಕ್ಯಾಟಲಿನಾ ದ್ವೀಪದ ಆವಲಾನ್ ಊರಿನ ಎದುರು ಲಂಗರು ಹಾಕ್ತು. ಅಲ್ಲಿ ಇಷ್ಟು ದೊಡ್ಡ ಹಡಗು ಧಕ್ಕೆಗೆ ಬರೋದಿಲ್ಲ, ಹೊರಗೇ ನಿಲ್ತದೆ, ಟೆಂಡರ್ ಅನ್ನೋ ಚಿಕ್ಕ ಬೋಟುಗಳಲ್ಲಿ ಜನರನ್ನ ದಡಕ್ಕೆ ಬಿಡ್ತಾರೆ. ಅಲೆ ಗಾಳಿ ಜೋರಿದ್ರೆ ಆ ಸ್ಟಾಪೇ ಕ್ಯಾನ್ಸಲ್ ಆಗಬಹುದು. ಮಗಳು ಇದನ್ನ ಮೊದಲೇ ಓದಿಕೊಂಡಿದ್ಲು, ಅದಕ್ಕೇ ಸ್ನಾರ್ಕ್ಲಿಂಗ್ ಸಾಮಾನಿಗೆ ಮುಂಗಡ ಕೊಡದೆ ಅಲ್ಲೇ ಹೋಗಿ ಬಾಡಿಗೆಗೆ ತಗೊಳ್ಳೋದು ಅಂತ ಇಟ್ಟುಕೊಂಡಿದ್ಲು. ಇದು ಒಳ್ಳೇ ತೀರ್ಮಾನ.

ಹಡಗಿನವರದ್ದೇ ಸ್ನಾರ್ಕ್ಲಿಂಗ್ ಟೂರ್ ಇತ್ತು, ಗೈಡು ಸೂಟು ಎಲ್ಲ ಸೇರಿ. ಅದನ್ನ ಬಿಟ್ಟದ್ದು ದುಡ್ಡಿನ ಕಾರಣಕ್ಕೆ ಒಂದು, ಇಪ್ಪತ್ತು ಜನರ ಗುಂಪಲ್ಲಿ ಹೋದ್ರೆ ಮೀನು ಕಾಣೋದಿಲ್ಲ ಅನ್ನೋದು ಇನ್ನೊಂದು. ಇದ್ರಲ್ಲಿ ತಪ್ಪು ಅಂತ ನನಗೆ ಅನಿಸೋದಿಲ್ಲ. ಕ್ಯಾಸಿನೋ ಪಾಯಿಂಟ್ ಡೈವ್ ಪಾರ್ಕ್ ಅನ್ನೋ ಜಾಗ ಧಕ್ಕೆಯಿಂದ ನಡೆದೇ ಹೋಗುವಷ್ಟು ಹತ್ರ, 1929ರಲ್ಲಿ ಕಟ್ಟಿದ ಗುಂಡಗಿನ ದೊಡ್ಡ ಕಟ್ಟಡದ ಬುಡದಲ್ಲೇ ಇದೆ, ನೀರಿಗೆ ಇಳಿಯೋಕೆ ಕಂಬಿ ಇರೋ ಮೆಟ್ಟಿಲು ಇದೆ, ಸುತ್ತ ಬೋಯ್ ಅಂದ್ರೆ ತೇಲುಗುಂಡು ಹಾಕಿ ಹಗ್ಗ ಕಟ್ಟಿದ್ದಾರೆ, ಒಳಗೆ ಬೋಟ್ ಬರೋ ಹಾಗಿಲ್ಲ. ಸ್ವಂತವಾಗಿ ಇಳಿಯೋರಿಗೆ ಇದಕ್ಕಿಂತ ಸುಭದ್ರ ಜಾಗ ಹುಡುಕೋದು ಕಷ್ಟ. ಆದ್ರೆ ಸ್ವಂತವಾಗಿ ಹೋದಾಗ ಒಂದು ವ್ಯತ್ಯಾಸ ಇದೆ, ಹಡಗಿನ ಟೂರಲ್ಲಿ ಹೋಗಿ ಲೇಟಾದ್ರೆ ಹಡಗಿನವ್ರು ಕಾಯ್ತಾರೆ, ನಿಮ್ಮಷ್ಟಕ್ಕೆ ಹೋಗಿ ಕೊನೇ ಟೆಂಡರ್ ತಪ್ಪಿಸಿಕೊಂಡ್ರೆ ನಿಮ್ಮನ್ನ ಬಿಟ್ಟು ಹೋಗ್ತಾರೆ. ಪಾಸ್‌ಪೋರ್ಟ್ ಕ್ಯಾಬಿನ್ನಿನಲ್ಲಿ, ನೀವು ದ್ವೀಪದಲ್ಲಿ, ಹಡಗು ಮಾರನೇ ದಿನ ಮೆಕ್ಸಿಕೋದ ಎನ್ಸೆನಾಡದಲ್ಲಿ. ಮಗಳ ತಲೆಯಲ್ಲಿ ಪೂರ್ತಿ ದಿನ ಈ ಹೆದರಿಕೆ ಕೂತಿತ್ತು. ಗಡಿಯಾರದ್ದು ಯೋಚನೆ ಮಾಡಿದಷ್ಟು ನೀರಿಂದು ಯೋಚನೆ ಆಗಲಿಲ್ಲ.

ನೀರಿನ ವಿಷಯ

ಕ್ಯಾಲಿಫೋರ್ನಿಯಾ ಅಂದಕೂಡ್ಲೆ ನಮ್ಮವರ ಕಣ್ಣಿಗೆ ಬಿಸಿಲು ಕಾಣ್ತದೆ. ಆದ್ರೆ ಅಲ್ಲಿಯ ಕರಾವಳಿಗೆ ಉತ್ತರದಿಂದ ತಣ್ಣನೆ ಪ್ರವಾಹ ಇಳಿದು ಬರ್ತದೆ, ಗಾಳಿಗೆ ಆಳದ ತಣ್ಣೀರು ಬೇರೆ ಮೇಲೆ ಬರ್ತದೆ. ಕ್ಯಾಟಲಿನಾದಲ್ಲಿ ಚಳಿಗಾಲಕ್ಕೆ 13–15 ಡಿಗ್ರಿ, ಬೇಸಿಗೆ ಕೊನೆಗೆ ಅಂದ್ರೆ ಆಗಸ್ಟ್ ಸೆಪ್ಟೆಂಬರಲ್ಲಿ 20ರ ಆಸುಪಾಸು, ಮೇಯಲ್ಲಿ 16–17. ಅದೇ ಮೇ ತಿಂಗಳಲ್ಲಿ ಕಾರವಾರದ ಕಡಲು 30 ಡಿಗ್ರಿ ಹತ್ರ. ನಮ್ಮಲ್ಲಿ ವರ್ಷದ ಯಾವ ತಿಂಗಳಲ್ಲಿ ಇಳಿದ್ರೂ ಅಂಥ ನೀರು ಸಿಗೋದೇ ಇಲ್ಲ, ಅಂದಮೇಲೆ ಜೀವಮಾನ ಪೂರ್ತಿ ಕಡಲಲ್ಲಿ ಈಜಿದವನ ಮೈಗೂ ಅದು ಹೊಸದೇ.

ಬಾಡಿಗೆ ಅಂಗಡಿಯ ಹೊರಗೆ ಬೋರ್ಡಲ್ಲಿ ಸೀಮೆಸುಣ್ಣದಲ್ಲಿ ನೀರಿನ ಟೆಂಪರೇಚರ್ ಬರೆದಿದ್ರು, 61 ಅಂತ. ಫ್ಯಾರನ್‌ಹೀಟ್. ಅಪ್ಪ ಅದನ್ನ ನೋಡಿದ್ದಾರೆ, ನೋಡಿ ಏನೂ ಅನಿಸಲಿಲ್ಲ ಅಂತಾರೆ, ಯಾಕಂದ್ರೆ 61 ಅನ್ನೋದು ಅವರ ಲೆಕ್ಕದಲ್ಲಿ ಯಾವ ಚಳಿಗೂ ಸೇರಿದ ಸಂಖ್ಯೆ ಅಲ್ಲ. ಮಗಳಿಗೆ ಅಲ್ಲಿದ್ದು ಫ್ಯಾರನ್‌ಹೀಟ್ ಅಭ್ಯಾಸ ಆಗಿ ಸೆಲ್ಸಿಯಸ್ಸಿಗೆ ಬದಲಿಸಿ ಹೇಳಬೇಕು ಅಂತ ಹೊಳೀಲಿಲ್ಲ. 61 ಅಂದ್ರೆ 16 ಡಿಗ್ರಿ. 16 ಅಂತ ಕೇಳಿದ್ರೆ ಅವರು ಖಂಡಿತ ನಿಂತು ಯೋಚನೆ ಮಾಡ್ತಿದ್ರು ಅಂತ ಅವರೇ ಹೇಳಿದ್ರು, ನಾನು ನಂಬ್ತೇನೆ.

ಅಂಗಡಿಯ ಹುಡುಗ ಮೂವರಿಗೂ ಎತ್ತರ ತೂಕ ಕೇಳಿ ದಪ್ಪ ವೆಟ್‌ಸೂಟ್, ಅಂದ್ರೆ ಮೈಗೆ ಅಂಟಿ ಕೂರೋ ರಬ್ಬರಿನ ಉಡುಪು, ತೆಗೆದುಕೊಟ್ಟ. ಮಾವ ಹಾಕ್ಕೊಂಡ್ರು. ಅಪ್ಪ ಹಾಕ್ಕೊಂಡು ಜಿಪ್ ಎಳೆಸಿಕೊಂಡ್ರು, ಎದೆ ಬಿಗಿ ಆಯ್ತು, ಕುತ್ತಿಗೆ ಒತ್ತಿದ ಹಾಗಾಯ್ತು, ಇದ್ರಲ್ಲಿ ಉಸಿರೇ ಆಡೋದಿಲ್ಲ ಮಾರಾಯ್ತಿ, ಇದು ಬೇಡ ಅಂತ ತೆಗೆದುಬಿಟ್ರು. ಇಲ್ಲಿ ಓದೋರು ಅವರದ್ದು ಹಮ್ಮು ಅಂತ ತಿಳ್ಕೋಬಾರದು. ವೆಟ್‌ಸೂಟ್ ಒಣಗಿದ ನೆಲದ ಮೇಲೆ ಮೊದಲ ಸಲ ಹಾಕಿದವರಿಗೆ ಹಾಗೇ ಅನಿಸೋದು, ಅದು ಬಿಗಿ ಇರಲೇಬೇಕು, ಬಟ್ಟೆಗೂ ಚರ್ಮಕ್ಕೂ ನಡುವೆ ತೆಳ್ಳಗೆ ನೀರು ಸಿಕ್ಕಿಕೊಂಡು ಮೈಬಿಸಿಗೆ ಬೆಚ್ಚಗಾಗ್ತದೆ, ಆ ರಬ್ಬರಿನೊಳಗಿರೋ ಸಣ್ಣ ಗಾಳಿಗುಳ್ಳೆಗಳು ಆ ಬಿಸಿಯನ್ನ ಹೊರಗೆ ಹೋಗೋಕೆ ಬಿಡೋದಿಲ್ಲ, ಸಡಿಲ ಇದ್ರೆ ಪ್ರತೀ ಕೈ ಬೀಸಿಗೂ ತಣ್ಣೀರು ಒಳಗೆ ಹೊಕ್ಕು ಸೂಟ್ ಹಾಕಿಯೂ ಹಾಕದ ಹಾಗೇ. ನೀರಿಗಿಳಿದು ಮೈ ತೇಲಿದಮೇಲೆ ಆ ಬಿಗಿ ಅಷ್ಟು ಗೊತ್ತಾಗೋದಿಲ್ಲ. ಇದನ್ನ ಯಾರಾದ್ರೂ ಹೇಳಿ, ಒಂದು ಸೈಜ್ ದೊಡ್ಡದು ಅಥವಾ ಕುತ್ತಿಗೆ ಬೇರೆ ತರ ಇರೋದು ತರಿಸಿ ಇನ್ನೊಂದು ಸಲ ಹಾಕಿ ನೋಡೋಕೆ ಹತ್ತು ನಿಮಿಷ ಬೇಕಿತ್ತು. ಹಿಂದೆ ಕ್ಯೂ ಇತ್ತು, ಮಗಳಿಗೆ ಟೈಮಿನ ಚಿಂತೆ, ಆಯ್ತು ಅಪ್ಪ ನೀನು ಹೇಗೂ ದಿನಾ ಈಜ್ತೀಯಲ್ಲ ಅಂದ್ಲು. ನನ್ನ ಪ್ರಕಾರ ಇಡೀ ದಿನದ ಮುಖ್ಯ ಘಟ್ಟ ಅದೇ, ನೀರಿಂದ ಅಷ್ಟು ದೂರ, ಅಂಗಡಿಯ ಕೌಂಟರಿನ ಎದುರು ಆಗಿಹೋಯ್ತು.

ನೀರೊಳಗೆ

ಹತ್ತೂವರೆ ಹತ್ರ ಇಳಿದ್ರು. ಮೇ ಕೊನೆಗೆ ಆ ಕರಾವಳಿಯಲ್ಲಿ ಬೆಳಿಗ್ಗೆ ಮೋಡ ಮುಚ್ಚಿಕೊಂಡೇ ಇರ್ತದೆ, ಅವತ್ತೂ ಬಿಸಿಲಿರಲಿಲ್ಲ, ಸಣ್ಣ ಗಾಳಿ. ಕೆಳಗಿನ ಮೆಟ್ಟಿಲು ಪಾಚಿ ಹಿಡಿದು ಜಾರ್ತಾ ಇತ್ತು. ಅಪ್ಪ ಚಡ್ಡಿ ಮೇಲೆ ಒಂದು ಟೀಶರ್ಟ್, ಮಾಸ್ಕು, ಕಾಲಿಗೆ ಮೀನಿನ ರೆಕ್ಕೆಯಂಥ ಫಿನ್ ಹಾಕ್ಕೊಂಡು ಅಲೆ ಬಂದಾಗ ಕೈಬಿಟ್ರು.

ವಿಡಿಯೋದಲ್ಲಿ ಕೇಳೋದು ಮೊದಲು ಶಬ್ದ. ಸ್ನಾರ್ಕೆಲ್ ಕೊಳವೆಯಿಂದ ಹಾ ಹಾ ಹಾ ಅಂತ ಉಸಿರು, ಒಂದರ ಹಿಂದೆ ಒಂದು, ಮಧ್ಯೆ ಬಿಡುವೇ ಇಲ್ಲ. ಆಮೇಲೆ ಕೆಮ್ಮು, ಕೊಳವೆ ಬಾಯಿಂದ ಬಿತ್ತು. ಇದಕ್ಕೆ ಕೋಲ್ಡ್ ಶಾಕ್ ಅಂತಾರೆ. ಚರ್ಮ ಒಮ್ಮೆಲೇ ತಣ್ಣಗಾದಾಗ ಉಸಿರು ಎಳ್ಕೊಳ್ಳೋದು ನಮ್ಮ ಕೈಯಲ್ಲಿ ಇರೋದಿಲ್ಲ, ಎದೆ ಬಡಿತ ಏರ್ತದೆ, ಬಿಪಿ ಏರ್ತದೆ. ನೀರು 25 ಡಿಗ್ರಿಗಿಂತ ಕೆಳಗಿಳಿದಾಗಲೇ ಇದು ಶುರು, 15ರಿಂದ 10ರ ನಡುವೆ ಅತೀ ಜೋರು. ಮೊದಲ ಅರ್ಧ ನಿಮಿಷ ಕೆಟ್ಟದ್ದು, ಎರಡ್ಮೂರು ನಿಮಿಷದಲ್ಲಿ ತಾನಾಗೇ ಇಳೀತದೆ. ಆ ಅರ್ಧ ನಿಮಿಷದಲ್ಲಿ ಬಾಯಿ ನೀರೊಳಗೆ ಇದ್ರೆ ಎಷ್ಟೇ ದೊಡ್ಡ ಈಜುಗಾರನಾದ್ರೂ ನೀರೇ ಎಳ್ಕೋತಾನೆ. ಬ್ರಿಟನ್ನಿನ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ಮೈಕ್ ಟಿಪ್ಟನ್ ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವ್ರು. ಅವರೂ ಸಂಗಡಿಗರೂ ಇನ್ನೊಂದು ಸಂಗತಿ ತೋರಿಸಿದ್ದಾರೆ, ಮುಖ ತಣ್ಣೀರಲ್ಲಿ ಮುಳುಗಿದಾಗ ಎದೆ ಬಡಿತ ನಿಧಾನ ಆಗ್ಬೇಕು ಅಂತ ಒಂದು ಪ್ರತಿಕ್ರಿಯೆ, ಮೈ ತಣ್ಣಗಾಗಿ ಜೋರಾಗ್ಬೇಕು ಅಂತ ಇನ್ನೊಂದು, ಎರಡೂ ಒಟ್ಟಿಗೆ ಎಳೆದಾಡಿದ್ರೆ ಹೃದಯದ ಲಯವೇ ತಪ್ಪಬಹುದು. ಸ್ನಾರ್ಕ್ಲಿಂಗಲ್ಲಿ ನಾವು ಮಾಡೋದು ಕರೆಕ್ಟಾಗಿ ಅದೇ, ಮೈ ನೀರಿಗೆ ಬಿಟ್ಟು ಮುಖ ಮುಳುಗಿಸೋದು.

ಅಪ್ಪ ಇಲ್ಲಿ ಒಂದು ಸರಿಯಾದ ಕೆಲಸ ಮಾಡಿದ್ರು. ಯಾರೂ ಹೇಳದೆ, ಯೋಚನೆಯೂ ಮಾಡದೆ, ಅಂಗಾತ ತಿರುಗಿ ತೇಲಿದ್ರು. ಚಿಕ್ಕಂದಿನಲ್ಲಿ ಸುಸ್ತಾದಾಗ ಮಾಡ್ತಿದ್ದ ಅಭ್ಯಾಸ ಅದು. ತಣ್ಣೀರಿಗೆ ಬಿದ್ದವರಿಗೆ ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆ ಹೇಳೋದೂ ಇದನ್ನೇ, ಈಜಬೇಡಿ, ಮೊದಲು ತೇಲಿ, ಉಸಿರು ಹತೋಟಿಗೆ ಬರಲಿ. ಎರಡು ನಿಮಿಷದಲ್ಲಿ ಅವರ ಉಸಿರು ಇಳೀತು, ಮುಖದಲ್ಲಿ ನಗು ಬಂತು, ಅಷ್ಟೆಯಾ ಅಂದ್ರು.

ಈ "ಅಷ್ಟೆಯಾ"ದಿಂದಲೇ ಎರಡನೇ ಘಟ್ಟ ಶುರು. ಮೊದಲ ಹೊಡೆತ ದಾಟಿದ ಮೇಲೆ ಚಳಿ ಹೋಯ್ತು ಅಂತ ಅನಿಸ್ತದೆ, ನಿಜವಾಗಿ ಹೋಗಿರೋದಿಲ್ಲ, ಚರ್ಮ ಹೇಳೋದು ನಿಲ್ಲಿಸಿರ್ತದೆ ಅಷ್ಟೇ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಬಿಸಿ ಎಳೀತದೆ. ಮೈ ತನ್ನ ಎದೆ ಹೊಟ್ಟೆ ಕಾಪಾಡಿಕೊಳ್ಳೋಕೆ ಕೈಕಾಲಿನ ರಕ್ತ ಕಡಿಮೆ ಮಾಡ್ತದೆ, ಸ್ನಾಯು ತಣ್ಣಗಾಗಿ ಮೊದಲು ಬೆರಳು, ಆಮೇಲೆ ತೋಳು, ಕಾಲು ಮಾತು ಕೇಳೋದು ಬಿಡ್ತದೆ. ಮೈ ಒಳಗಿನ ಬಿಸಿ ಇಳಿದು ಪ್ರಜ್ಞೆ ತಪ್ಪೋದು ತುಂಬ ಆಮೇಲಿನ ಮಾತು, ಅದಕ್ಕೂ ಮೊದಲೇ ಈಜೋ ಶಕ್ತಿ ಹೋಗಿರ್ತದೆ.

ಇದೆಲ್ಲ ನಡೀತಿರುವಾಗ ಕೆಳಗೆ ನೋಡೋಕೆ ಅಷ್ಟು ಚೆಂದ ಇತ್ತು ಅನ್ನೋದನ್ನೂ ಹೇಳಬೇಕು, ಇಲ್ಲದಿದ್ರೆ ಯಾಕೆ ಯಾರೂ ಹೊರಡಲಿಲ್ಲ ಅಂತ ಅರ್ಥ ಆಗೋದಿಲ್ಲ. ಕೆಲ್ಪ್ ಅನ್ನೋ ದೈತ್ಯ ಕಡಲಪಾಚಿ ತಳದ ಕಲ್ಲಿಂದ ಮೇಲಿನವರೆಗೆ ಎದ್ದು ನಿಂತಿರ್ತದೆ, ಎಲೆ ಬುಡಕ್ಕೊಂದು ಗಾಳಿ ತುಂಬಿದ ಗುಳ್ಳೆ, ಅನುಕೂಲ ಇದ್ದಲ್ಲಿ ದಿನಕ್ಕೆ ಅರ್ಧ ಮೀಟರಿನಷ್ಟು ಬೆಳೀತದೆ. ಅದರ ನಡುವೆ ಗ್ಯಾರಿಬಾಲ್ಡಿ ಮೀನು, ನಮ್ಮ ಅಬ್ಬಲಿಗೆ ದಂಡೆ ನೀರಲ್ಲಿ ಬಿಚ್ಚಿಬಿಟ್ಟ ಹಾಗೆ ಬಣ್ಣ. ಕ್ಯಾಲಿಫೋರ್ನಿಯಾ ರಾಜ್ಯದ ಅಧಿಕೃತ ಕಡಲ ಮೀನು ಅದು, ಹಿಡಿಯೋ ಹಾಗಿಲ್ಲ. ಗಂಡು ಮೀನು ಗೂಡು ಕಾಯೋ ಕಾಲ ಬೇರೆ, ಮನುಷ್ಯ ಬಂದ್ರೂ ಓಡೋದಿಲ್ಲ, ಎದುರಿಗೇ ಬಂದು ನಿಲ್ತದೆ. ಅಪ್ಪ ಅದರ ಹಿಂದೆ ಹೊರಗಿನ ಬೋಯ್ ಕಡೆ ಹೋಗ್ತಾ ಹೋದ್ರು, ಮಗಳು ಕ್ಯಾಮೆರಾ ಹಿಡ್ಕೊಂಡು ಹಿಂದೆ, ಮಾವ ಎರಡು ಮಾರು ದೂರ.

ಬೆರಳು

ಮಾವ ತಮ್ಮ ಈಜು ಕ್ಲಾಸಲ್ಲಿ ಕಲಿತದ್ದನ್ನ ಬಿಡದೆ ಮಾಡೋ ಮನುಷ್ಯ. ಐದು ನಿಮಿಷಕ್ಕೊಮ್ಮೆ ಮೂವರೂ ತಲೆ ಎತ್ತಿ ಹೆಬ್ಬೆರಳು ತೋರುಬೆರಳು ಸೇರಿಸಿ ಓಕೆ ತೋರಿಸ್ಬೇಕು ಅಂತ ಮೆಟ್ಟಿಲ ಮೇಲೇ ಹೇಳಿದ್ರು. ಇನ್ನೊಂದೂ ಹೇಳಿದ್ರು, ಯಾರೇ ಒಬ್ಬ ಸಾಕು ಅಂದ್ರೂ ಎಲ್ಲರೂ ಹೊರಗೆ, ಯಾಕೆ ಅಂತ ಕೇಳೋದು ದಡಕ್ಕೆ ಬಂದಮೇಲೆ.

ವಿಡಿಯೋದಲ್ಲಿ ಮೊದಲ ಎರಡು ಸಲ ಅಪ್ಪನ ಬೆರಳು ಗುಂಡಗೆ ಸರಿಯಾಗಿ ಸೇರ್ತದೆ. ಮೂರನೇ ಸಲ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಇಂಚು ಹಾಗೇ ಉಳೀತದೆ, ಕಿರುಬೆರಳು ಬೇರೆಯಾಗಿ ಹೊರಗೆ ಚಾಚಿದೆ, ಎಳೆದ್ರೂ ಒಳಗೆ ಬರೋದಿಲ್ಲ. ಅಪ್ಪನಿಗೆ ತಾನು ಓಕೆ ತೋರಿಸಿದ್ದೇನೆ ಅಂತಲೇ ಅನಿಸಿದೆ. ತಣ್ಣೀರಲ್ಲಿ ಈಜೋರು ಈ ಬೆರಳಿನ ಗುರುತನ್ನ ತುಂಬ ಗಂಭೀರವಾಗಿ ತಗೋತಾರೆ, ಐದೂ ಬೆರಳು ಕೂಡಿಸಿ ಹಿಡಿಯೋಕೆ ಆಗಲಿಲ್ಲ ಅಂದ್ರೆ ವಾಪಸ್ ತಿರುಗೋ ಹೊತ್ತು ಬಂತು ಅಂತ. ಮಾವನಿಗೆ ಇದು ಗೊತ್ತಿರಲಿಲ್ಲ. ಅವರಿಗೆ ಕಂಡದ್ದು ಭಾವ ಕೈ ಸರಿಯಾಗಿ ಮಾಡ್ತಿಲ್ಲ, ಎಂತ ಭಾವ ಅಂತ ಕೇಳಿದ್ದಕ್ಕೆ ಉತ್ತರ ತಡವಾಗಿ ಬಂತು, ಬಂದದ್ದೂ ಕೇಳಿದ್ದಕ್ಕೆ ಸಂಬಂಧ ಇಲ್ಲದ್ದು, ಮೀನಿನ ವಿಷಯ. ಇಳಿಯುವಾಗ ಇದ್ದ ನಡುಕ ನಿಂತಿತ್ತು ಅಂತಲೂ ಮಾವ ನನಗೆ ಹೇಳಿದ್ರು, ಅದು ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿದ ಮಾತು. ಬಿಸಿಗೆ ಬಂದು ನಡುಕ ನಿಲ್ಲೋದು ಬೇರೆ, 16 ಡಿಗ್ರಿ ನೀರಲ್ಲಿ ಸೂಟಿಲ್ಲದೆ ಇದ್ದವರ ನಡುಕ ನಿಲ್ಲೋದು ಬೇರೆ.

ಮಾವ ಸಾಕು ಅಂದ್ರು. ಅಪ್ಪ ಇನ್ನು ಹತ್ತು ನಿಮಿಷ, ಈಗಷ್ಟೇ ಇಳಿದ್ದು ಅಂದ್ರು. ಮಗಳೂ ಮೊದಲು ಅಪ್ಪನ ಕಡೆಯೇ, ಯಾಕಂದ್ರೆ ಅರ್ಧ ಗಂಟೆ ಅಂತ ಮಾತಾಗಿತ್ತು, ಅರ್ಧ ಗಂಟೆ ಆಗಿರಲಿಲ್ಲ. ಮಾವ ಮತ್ತೆ ವಾದ ಮಾಡಲಿಲ್ಲ, ಅಪ್ಪನ ಮುಂದೆ ಬಂದು ಅಡ್ಡ ನಿಂತು ಮೆಟ್ಟಿಲ ಕಡೆ ಕೈ ತೋರಿಸಿ, ನಾನು ಹೋಗ್ತೇನೆ, ನನ್ನೊಟ್ಟಿಗೆ ಬನ್ನಿ, ನನಗೆ ಒಬ್ಬನಿಗೇ ಹೆದರಿಕೆ ಅಂದ್ರು. ಮೂವರಲ್ಲಿ ಈಜು ಕಡಿಮೆ ಬರ್ತಿದ್ದವ್ರು ಅವರು, ಭಾವನ ಎದುರು ದನಿ ಎತ್ತಿ ಮಾತಾಡುವ ಪದ್ಧತಿ ಮನೆಯಲ್ಲಿ ಇಲ್ಲ. ಆ ಮಾತು ಹೇಳಿದ ರೀತಿ ನನಗೆ ತುಂಬ ಇಷ್ಟ ಆಯ್ತು, ಭಾವನಿಗೆ ಸೋತೆ ಅಂತ ಅನಿಸದೆ ವಾಪಸ್ ಬರೋಕೆ ದಾರಿ ಮಾಡಿಕೊಟ್ರು.

ನೀರಲ್ಲಿ ಇದ್ದದ್ದು ಎಷ್ಟು ಹೊತ್ತು ಅಂತ ಕೇಳಿದ್ರೆ ಅಪ್ಪ ಈಗಲೂ ಹತ್ತು ನಿಮಿಷ ಅಂತಾರೆ. ಕ್ಯಾಮೆರಾದ ಲೆಕ್ಕದಲ್ಲಿ ಮೆಟ್ಟಿಲು ಮುಟ್ಟುವಾಗ 24 ನಿಮಿಷ ಆಗಿತ್ತು.

ವಾಪಸ್ ಬರುವಾಗ ಅಪ್ಪನ ಕಾಲು ಬೀಸು ನಿಧಾನ ಆಗಿ ಮೈ ನೀರಲ್ಲಿ ನೆಟ್ಟಗಾಗ್ತಾ ಬರ್ತದೆ, ಇದು ಶಕ್ತಿ ಹೋಗ್ತಿರೋದರ ಲಕ್ಷಣ. ಕೆಲ್ಪ್ ಒಂದು ಸಲ ಫಿನ್ನಿಗೆ ಸುತ್ತಿಕೊಳ್ತು. ಅದು ಹಗ್ಗ ಅಲ್ಲ, ಗಡಿಬಿಡಿ ಮಾಡದೆ ಕೈಯಿಂದ ಮಡಚಿ ಮುರಿದ್ರೆ ಪಟ್ ಅಂತ ತುಂಡಾಗ್ತದೆ, ಆದ್ರೆ ಮಡಚೋಕೆ ಬೆರಳು ಬೇಕಲ್ಲ. ಮಗಳು ಬಂದು ಬಿಡಿಸಿದ್ಲು. ಮೆಟ್ಟಿಲ ಹತ್ರ ಅಪ್ಪನ ಕೈ ಕಂಬಿ ಮೇಲೆ ಕೂತ್ರೂ ಹಿಡಿತ ಇಲ್ಲ, ಅಲೆ ಎತ್ತಿ ಇಳಿಸಿದಾಗ ಕೈ ಜಾರ್ತಾ ಹೋಯ್ತು. ಇಳಿಯೋಕೆ ಕಾಯ್ತಿದ್ದ ಒಬ್ಬ ಡೈವರ್ ಅವರ ಮೊಣಕೈ ಮೇಲೆ ಹಿಡಿದು ಎಳೆದ, ಮಾವ ಹಿಂದಿಂದ ದೂಡಿದ್ರು. ಇನ್ನು ಐದು ನಿಮಿಷ ತಡ ಆಗಿದ್ರೆ, ಮೆಟ್ಟಿಲ ಹತ್ರ ಯಾರೂ ಇಲ್ಲದೇ ಇದ್ದಿದ್ರೆ ಎಂತ ಆಗ್ತಿತ್ತು ಅಂತ ನಾನು ಊಹೆ ಮಾಡೋಕೆ ಹೋಗೋದಿಲ್ಲ.

ದಡದಲ್ಲಿ ಅಮ್ಮ

ಹೊರಗೆ ಬಂದಮೇಲೆ ಅಪ್ಪ ಚೆನ್ನಾಗಿದ್ದೇನೆ ಅಂದ್ರು. ಏಳೆಂಟು ನಿಮಿಷ ಕಳೆದಮೇಲೆ ದವಡೆ ಹಿಡಿಯೋಕೆ ಆಗದಷ್ಟು ನಡುಕ ಶುರುವಾಯ್ತು. ನೀರಿಂದ ಬಂದಮೇಲೂ ಸ್ವಲ್ಪ ಹೊತ್ತು ಮೈ ಒಳಗಿನ ಬಿಸಿ ಇಳೀತಾನೇ ಇರ್ತದೆ, ಅದಕ್ಕೆ ದಡಕ್ಕೆ ಬಂತು ಅಂದಕೂಡ್ಲೆ ಮುಗೀತು ಅಂತ ಅಲ್ಲ. ಆ ಮೊದಲ ಅರ್ಧ ಗಂಟೆ ಕಣ್ಣು ಬಿಡದೆ ನೋಡ್ಕೋಬೇಕು.

ಅಮ್ಮ ಹಡಗಿನ ಎಸಿಗೆ ಅಂತ ತಂದಿದ್ದ ಶಾಲು, ಸ್ವೆಟರ್, ಕಿವಿ ಮುಚ್ಚೋ ಟೊಪ್ಪಿ ಚೀಲದಲ್ಲಿ ಹಾಕ್ಕೊಂಡೇ ಬಂದಿದ್ರು. ಒದ್ದೆ ಬಟ್ಟೆ ತೆಗೆಸಿ, ಒರೆಸಿ, ಒಣ ಬಟ್ಟೆ ಹಾಕಿಸಿ, ಗಾಳಿ ಬಾರದ ಗೋಡೆ ಬದಿ ಕೂರಿಸಿದ್ರು. ಅಂಗೈ ಅಂಗಾಲು ತಿಕ್ಕೋಕೆ ಹೊರಟಿದ್ದನ್ನ ಮಗಳು ತಡೆದ್ಲು. ಅದು ಸರಿ, ತಿಕ್ಕೋದೂ ಬೇಡ, ಕೂಡಲೇ ಬಿಸಿನೀರ ಸ್ನಾನವೂ ಬೇಡ, ಚರ್ಮದ ರಕ್ತನಾಳ ಒಮ್ಮೆಲೇ ತೆರೆದು ಬಿಪಿ ಬಿದ್ದು ತಲೆ ತಿರುಗಿ ಬೀಳ್ತಾರೆ. ನಮ್ಮ ಮನೆಗಳಲ್ಲಿ ಚಳಿ ಅಂದಕೂಡ್ಲೆ ಹಂಡೆ ನೀರು ಹೊಯ್ಯೋದೇ ಮೊದಲ ಮದ್ದು, ಹಾಗಾಗಿ ಇದನ್ನ ಒತ್ತಿ ಹೇಳ್ತಾ ಇದ್ದೇನೆ. ಮಾತು ಸರಿಯಾಗಿ ಆಡ್ತಿದ್ದಾರೆ, ನುಂಗೋಕೆ ಆಗ್ತದೆ ಅಂತ ನೋಡಿಕೊಂಡು ಸಕ್ಕರೆ ಜಾಸ್ತಿ ಹಾಕಿದ ಬಿಸಿ ಚಾ ತಂದು ಕುಡಿಸಿದ್ರು. ಮುಕ್ಕಾಲು ಗಂಟೆಗೆ ನಡುಕ ನಿಂತಿತು, ಬೆರಳು ಸೇರೋಕೆ ಶುರುವಾಯ್ತು.

ಮಧ್ಯಾಹ್ನಕ್ಕೆ ಮೋಡ ಸರಿದು ಬಿಸಿಲು ಬಂತು. ಊಟ ಆದಮೇಲೆ ಅಪ್ಪ ಈಗ ಸೂಟ್ ಹಾಕ್ಕೊಂಡು ಇನ್ನೊಂದು ಸಲ ಇಳಿತೇನೆ ಅಂದ್ರು. ಟೈಮ್ ಇತ್ತು, ಸೂಟೂ ಸಿಗ್ತಿತ್ತು, ಅಷ್ಟು ದೂರ ಹೋದವರಿಗೆ ಆಸೆ ಇರೋದು ಸಹಜ. ಉಳಿದ ಮೂವರೂ ಬೇಡ ಅಂದ್ರು, ಅಪ್ಪ ಸ್ವಲ್ಪ ಬೇಜಾರಾಗಿ ಮಾತು ಬಿಟ್ಟು ಕೂತ್ರಂತೆ. ಆ ಬೇಡ ಅನ್ನೋದು ಸರಿಯಾದ ತೀರ್ಮಾನ. ಒಂದು ಸಲ ಅಷ್ಟು ತಣ್ಣಗಾದ ಮೈ ಮೇಲಿಂದ ಸರಿ ಕಂಡ್ರೂ ಒಳಗೆ ಸೋತಿರ್ತದೆ, ಎರಡನೇ ಸಲ ಬೇಗ ತಣ್ಣಗಾಗ್ತದೆ, ಮೇಲಿಂದ ಬಿಪಿ. ತಣ್ಣೀರಲ್ಲಿ ಕೈಕಾಲಿನ ರಕ್ತ ಎದೆ ಕಡೆ ಸರೀತದೆ, ಬಿಪಿ ಇದ್ದವರಲ್ಲಿ, ವಯಸ್ಸಾದವರಲ್ಲಿ ಕೆಲವರಿಗೆ ಶ್ವಾಸಕೋಶದಲ್ಲೇ ನೀರು ತುಂಬಿಕೊಳ್ಳೋದು ಇದೆ, ಒಂದು ಹನಿ ಕಡಲ ನೀರು ಒಳಗೆ ಹೋಗದೆ. ಎಲ್ಲರೂ ತಳಕ್ಕೆ ಗಾಜಿರೋ ಬೋಟ್ ಹತ್ತಿ ಅದೇ ಕೆಲ್ಪ್, ಅದೇ ಮೀನು ನೋಡಿ ಬಂದ್ರು. ಕೊನೇ ಟೆಂಡರಿಗೆ ಒಂದೂವರೆ ಗಂಟೆ ಇರುವಾಗಲೇ ಕ್ಯೂಗೆ ನಿಂತ್ರು, ಆರಾಮವಾಗಿ ಹಡಗು ಸೇರಿದ್ರು. ಹಡಗಿನ ಕ್ಲಿನಿಕ್ಕಲ್ಲಿ ನೋಡಿದಾಗ ಬಿಪಿ ಸ್ವಲ್ಪ ಜಾಸ್ತಿ ಇತ್ತು, ರಾತ್ರಿಗೆ ಇಳೀತು. ಎನ್ಸೆನಾಡದಲ್ಲಿ ಅಪ್ಪ ಹಡಗಿಂದ ಇಳಿಯದೆ ಮಲಗಿದ್ರು.

ನನಗೆ ಕಂಡದ್ದು

ಇದನ್ನ ಕೇಳಿದ ನಮ್ಮ ಕಡೆಯ ಕೆಲವರು ಹಾಗಾದ್ರೆ ಗೈಡ್ ಇಲ್ಲದೆ ಇಳಿಯಲೇಬಾರದು ಅಂದ್ರು. ನನಗೆ ಹಾಗೆ ಕಾಣೋದಿಲ್ಲ. ಮಗಳ ಪ್ಲಾನಲ್ಲಿ ಜಾಗ ಸರಿ ಇತ್ತು, ಹೊತ್ತು ಸರಿ ಇತ್ತು, ದಡದಲ್ಲಿ ಕಾಯೋಕೆ ಒಬ್ಬರಿದ್ರು, ನೀರಲ್ಲಿ ಒಬ್ಬರನ್ನೊಬ್ಬರು ನೋಡ್ಕೊಳ್ಳೋ ಕ್ರಮ ಇತ್ತು. ಅದೇ ನೀರಲ್ಲಿ ಅಷ್ಟೇ ಹೊತ್ತು ಇದ್ದ ಮಾವನಿಗೆ ಕೈ ತಣ್ಣಗಾದದ್ದು ಬಿಟ್ರೆ ಬೇರೆ ಎಂತದ್ದೂ ಆಗಲಿಲ್ಲ. ಇಬ್ಬರ ನಡುವೆ ವ್ಯತ್ಯಾಸ ಸೂಟು. ಈಜು ಬರೋದು ಮುಳುಗದ ಹಾಗೆ ನೋಡ್ಕೊಳ್ತದೆ, ಮೈಬಿಸಿಯನ್ನ ಹಿಡಿದಿಡೋದಿಲ್ಲ, ಇವೆರಡನ್ನ ನಾವು ಕಡಲ ಬದಿಯವ್ರು ಒಂದೇ ಅಂತ ತಿಳಿದುಬಿಡ್ತೇವೆ, ಯಾಕಂದ್ರೆ ಇಲ್ಲಿ ಎರಡನೇದರ ಪ್ರಶ್ನೆ ನಮಗೆ ಬಂದೇ ಇಲ್ಲ. ಹಾಗಾಗಿ ಜಾಸ್ತಿ ಈಜು ಬರೋರೇ ಜಾಸ್ತಿ ದೂರ ಹೋಗ್ತಾರೆ.

ಗೈಡ್ ಇದ್ದಿದ್ರೆ ಆಗ್ತಿದ್ದ ಒಂದೇ ದೊಡ್ಡ ವ್ಯತ್ಯಾಸ ಅಂದ್ರೆ ಸೂಟಿಲ್ಲದೆ ಇಳಿಯೋಕೆ ಬಿಡ್ತಿರಲಿಲ್ಲ. ಆ ಒಂದು ನಿಯಮ ನಾವೇ ಇಟ್ಟುಕೊಂಡ್ರೂ ಆಗ್ತದೆ. ನನ್ನ ಹತ್ರ ಈಗ ಯಾರಾದ್ರೂ ನ್ಯೂಜಿಲೆಂಡ್, ಕೇಪ್‌ಟೌನ್, ಅಲಾಸ್ಕ ಅಂತ ಬಂದ್ರೆ ನಾನು ಮೊದಲು ಕೇಳೋದು ಅಲ್ಲಿ ಆ ತಿಂಗಳಲ್ಲಿ ನೀರು ಎಷ್ಟು ಡಿಗ್ರಿ, ಸೆಲ್ಸಿಯಸ್ಸಲ್ಲಿ ಹೇಳಿ ಅಂತ. 20ರ ಕೆಳಗೆ ಅಂದ್ರೆ ಸೂಟ್ ಸರಿಯಾಗಿ ಕೂತರೆ ಮಾತ್ರ ಇಳಿಯೋದು, ಕೂರಲಿಲ್ಲ ಅಂದ್ರೆ ದಡದಲ್ಲಿ ಕೂತು ನೋಡೋದು. ಮೆಟ್ಟಿಲಿಂದ ಹಾರೋದು ಬೇಡ, ಕಂಬಿ ಹಿಡ್ಕೊಂಡು ಸೊಂಟದವರೆಗೆ ಇಳಿದು, ಮುಖಕ್ಕೆ ಕತ್ತಿಗೆ ನೀರು ಹಾಕ್ಕೊಂಡು, ಮುಖ ಮೇಲಿಟ್ಟೇ ಮೂರು ನಿಮಿಷ ನಿಂತು, ಉಸಿರು ಮಾಮೂಲಿಗೆ ಬಂದಮೇಲೆ ಕೊಳವೆ ಬಾಯಿಗಿಡೋದು. ತಣ್ಣೀರಲ್ಲಿ ಐದಾರು ಸಲ ಎರಡ್ಮೂರು ನಿಮಿಷ ಇದ್ದು ಬಂದ್ರೆ ಆ ಮೊದಲ ಹೊಡೆತ ಹತ್ತಿರಹತ್ತಿರ ಅರ್ಧಕ್ಕೆ ಇಳೀತದೆ ಅಂತ ಅಧ್ಯಯನಗಳಲ್ಲಿ ಕಂಡಿದೆ, ಆದ್ರೆ ಕಾರವಾರದಲ್ಲಿ ಕೂತು 16 ಡಿಗ್ರಿ ನೀರು ಎಲ್ಲಿಂದ ತರೋದು, ಐಸ್ ಹಾಕಿದ ಟಬ್ಬು ಬಿಟ್ರೆ ಬೇರೆ ದಾರಿ ಇಲ್ಲ, ಅದನ್ನೂ ಬಿಪಿ, ಹೃದಯದ ತೊಂದರೆ ಇರೋರು ಡಾಕ್ಟ್ರನ್ನ ಕೇಳದೆ ಮಾಡೋ ಹಾಗಿಲ್ಲ.

ಹೊತ್ತಿನ ವಿಷಯಕ್ಕೆ ಬಂದ್ರೆ, ಅರ್ಧ ಗಂಟೆ ಅಂತ ಮೊದಲೇ ಮಾತಾಡಿಕೊಂಡದ್ದು ಇಲ್ಲಿ ಉಪಕಾರಕ್ಕಿಂತ ಅಡ್ಡಿಯೇ ಆಯ್ತು, ಇನ್ನೂ ಟೈಮ್ ಉಂಟು ಅಂತ ವಾದಕ್ಕೆ ಅದೇ ಆಧಾರ. ಅದರ ಬದಲು ಬೆರಳು ನೋಡೋದು ಒಳ್ಳೇದು. ಮಾವ ಮಾಡಿಸಿದ ಹಾಗೆ ಐದು ನಿಮಿಷಕ್ಕೊಮ್ಮೆ, ಎದುರಿಗಿದ್ದವರ ಬೆರಳನ್ನ, ತನ್ನದನ್ನಲ್ಲ.

ಅಪ್ಪ ಮುಂದಿನ ವರ್ಷ ಸೆಪ್ಟೆಂಬರಿಗೆ ಮತ್ತೆ ಹೋಗೋ ತಯಾರಿಯಲ್ಲಿದ್ದಾರೆ, ಆಗ ಅಲ್ಲಿ ನೀರು 20ರ ಹತ್ರ ಇರ್ತದೆ. ಕಾರವಾರದಲ್ಲಿ ತಮ್ಮ ಡಾಕ್ಟ್ರ ಹತ್ರ ಹೋಗಿ ನಡೆದದ್ದೆಲ್ಲ ಹೇಳಿ ಇಸಿಜಿ, ಎಕೋ ಮಾಡಿಸಿಕೊಂಡಿದ್ದಾರೆ. ಸೂಟಿಗೆ ಎದೆ, ಸೊಂಟ, ಎತ್ತರದ ಅಳತೆ ಸೆಂಟಿಮೀಟರಲ್ಲಿ ಬರೆದು ಮಗಳಿಗೆ ಕಳಿಸಿದ್ದಾರೆ, ಹಿಂದಿನ ದಿನವೇ ಹೋಟೆಲ್ ಪೂಲಲ್ಲಿ ಹಾಕಿ ನೋಡೋದು ಅಂತ ಮಾತಾಗಿದೆ. ಈ ಸಲ ಮಾವನ ಹತ್ತು ವರ್ಷದ ಮಗನೂ ಬರ್ತಾನಂತೆ, ಅವನನ್ನ ಎಷ್ಟು ಹೊತ್ತು ಇಳಿಸಬಹುದು ಅಂತ ಕೇಳಿದ್ದಾರೆ. ಚಿಕ್ಕ ಮೈ ದೊಡ್ಡವರಿಗಿಂತ ಬೇಗ ತಣ್ಣಗಾಗ್ತದೆ, ಅವನಿಗೆ ಹತ್ತು ನಿಮಿಷ, ಅದೂ ತಲೆ ಮುಚ್ಚೋ ಸೂಟಲ್ಲಿ, ಮೆಟ್ಟಿಲಿಂದ ಕೈಗೆಟಕೋ ದೂರದಲ್ಲಿ ಅಂತ ಹೇಳಿದ್ದೇನೆ.